ಹಿಡಿಯಕ್ಕಿ ಆರಿಸಿದವಳು

ಹೊಳೆಗೆ ಸೇತುವೆ ಕಟ್ಟಿ ಬಹಳ ವರ್ಷವಾಯಿತು. ಆದರೂ ಚಿಕ್ಕಮ್ಮನ ಆಶ್ರಮಕ್ಕೆ ಹೋಗುವವರು ಹರಿಗೋಲಿನಲ್ಲೇ ದಾಟುತ್ತಾರೆ. ಇದರಲ್ಲಿ ತತ್ವ ಹುಡುಕಬೇಡಿ. ಸೇತುವೆ ದೂರ, ಅಷ್ಟೇ.

ಚಿಕ್ಕಮ್ಮ ಅಂದರೆ ಅಲ್ಲಿಯ ಗುರು. ಹಿಂದೆ ಅವರಿಗಿಂತ ಹಿರಿಯರೊಬ್ಬರು ಇದ್ದರು, ಅವರು ದೊಡ್ಡಮ್ಮ. ದೊಡ್ಡಮ್ಮ ಹೋದ ಮೇಲೆ ಇವರು ದೊಡ್ಡಮ್ಮ ಆಗಬೇಕಿತ್ತು. "ಇದ್ದ ಹೆಸರೇ ಸಾಕು, ಬೋರ್ಡು ಬದಲಾಯಿಸೋ ತಾಪತ್ರಯ ಯಾಕೆ" ಎಂದರು. ಬೋರ್ಡು ಇರಲೂ ಇಲ್ಲ.

ಒಂದು ಬೇಸಿಗೆಯಲ್ಲಿ ಅವರ ಹತ್ತಿರ ಇಂದುಮತಿ ಬಂದಳು. ಗಂಜಿ ಹಾಕಿದ ಕಾಟನ್ ಸೀರೆ, ಹೆಗಲಿಗೆ ಚರ್ಮದ ಚೀಲ, ಮುಖದಲ್ಲಿ ಸಭೆಗೆ ತಡವಾಗಿ ಬಂದವರ ಗಾಂಭೀರ್ಯ. ಹರಿಗೋಲಿನಿಂದ ಇಳಿಯುವಾಗ ಸೆರಗು ನೀರಿಗೆ ಬಿತ್ತು. ಗಾಂಭೀರ್ಯವೂ ಸ್ವಲ್ಪ ಒದ್ದೆಯಾಯಿತು.

ಓದುವ ಕಾಲದಲ್ಲಿ ಅವಳು ರಜೆಗಳನ್ನು ಇಲ್ಲೇ ಕಳೆದಿದ್ದಳು. ಚಿಕ್ಕಮ್ಮನ ಹಿಂದೆ ಹಿಂದೆಯೇ ತಿರುಗುತ್ತಿದ್ದಳು. ಕೆಲಸ ಸಿಕ್ಕ ಮೇಲೆ ಹಬ್ಬಕ್ಕೊಮ್ಮೆ ಯಾರ ಕೈಯಲ್ಲೋ ಹಣ್ಣಿನ ಬುಟ್ಟಿ ಕಳಿಸಿದ್ದಳು. ತಾನು ಬಂದಿರಲಿಲ್ಲ.

"ಬಂದ್ಯಾ?" ಎಂದರು ಚಿಕ್ಕಮ್ಮ, ನಿನ್ನೆ ಸಂತೆಗೆ ಹೋದವಳನ್ನು ಕೇಳಿದ ಹಾಗೆ.

"ಬಂದೆ ಚಿಕ್ಕಮ್ಮ."

"ಕಾಲು ತೊಳ್ಕೊ. ಎಲೆ ಹಾಕಿದಾರೆ."

ಅಲ್ಲಿ ಒಂದು ಪದ್ಧತಿ ಇತ್ತು. ಹೊಸದಾಗಿ ಬಂದವರು ಮೊದಲ ತುತ್ತಿಗೆ ಮುಂಚೆ, ಪಂಕ್ತಿಯಲ್ಲಿ ಕೂತವರಿಗೆಲ್ಲ ಕೇಳುವಂತೆ, ತಮ್ಮ ಕೈಕೆಲಸ ಹೇಳಬೇಕು. ಹೆಸರು ಬೇಡ, ಊರು ಬೇಡ, ಜಾತಿಯಂತೂ ಬೇಡವೇ ಬೇಡ. ನಿನ್ನ ಕೈ ಏನು ಮಾಡುತ್ತದೆ? ಅಷ್ಟು ಸಾಕು.

"ಪಂಚರ್ ಹಾಕ್ತೀನಿ" ಎಂದ ಒಬ್ಬ.

"ಹೂ ಕಟ್ತೀನಿ" ಎಂದಳು ಒಬ್ಬಳು.

ಸರದಿ ಇಂದುಮತಿಗೆ ಬಂತು.

"ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್."

"ಅದು ಕುರ್ಚಿ" ಎಂದರು ಚಿಕ್ಕಮ್ಮ. "ಕೈ?"

"ಪಾಠ ಮಾಡ್ತೀನಿ."

"ಅದು ಬಾಯಿ."

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಇಂದುಮತಿಯ ಕಿವಿ ಬಿಸಿಯಾಯಿತು.

"ಪುಸ್ತಕ ಬರೀತೀನಿ."

ಚಿಕ್ಕಮ್ಮ ಅವಳ ಮುಖವನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ, "ಸಾರು ತಾರಮ್ಮ ಪುಟ್ಟತಾಯಿ" ಎಂದರು.

ಊಟ ನಡೆಯಿತು. ಇಂದುಮತಿ ಮಾತ್ರ ಎಲೆಯಿಂದ ತಲೆ ಎತ್ತದೆ ಉಂಡಳು. ಯಾಕೆಂದರೆ, ಸಂಕ್ರಾಂತಿಯ ಹೊತ್ತಿಗೇ ಅವಳು ಪ್ರೊಫೆಸರ್ ಕೆಲಸ ಬಿಟ್ಟಾಗಿತ್ತು.

ಯಾರೂ ಬಿಡಿಸಿದ್ದಲ್ಲ. ತಾನಾಗಿ ಬಿಟ್ಟಳು. ಪಾಠ, ಸಭೆ, ಸಭೆಯ ನಡಾವಳಿ, ಆ ನಡಾವಳಿಯ ಮೇಲೆ ಇನ್ನೊಂದು ಸಭೆ. ಇವುಗಳ ನಡುವೆ ಅವಳಿಗೆ ಖುಷಿ ಕೊಡುತ್ತಿದ್ದದ್ದು ಒಂದೇ: ಯಾರದೋ ಒರಟು ಬರಹವನ್ನು ಮುಂದಿಟ್ಟುಕೊಂಡು, ಪೆನ್ಸಿಲ್ ಹಿಡಿದು, ಅದು ನೆಟ್ಟಗೆ ನಿಲ್ಲುವ ತನಕ ತಿದ್ದುವುದು. ಸಹೋದ್ಯೋಗಿಗಳ ಲೇಖನ, ವಿದ್ಯಾರ್ಥಿಗಳ ಪ್ರಬಂಧ, ಕೊನೆಕೊನೆಗೆ ಕುಲಪತಿಗಳ ಭಾಷಣ ಕೂಡ. ಇದನ್ನೇ ಸ್ವಂತ ಕಸುಬು ಮಾಡಿಕೊಂಡರೆ ಏನು ಎಂದು ಒಂದು ದಿನ ಅನ್ನಿಸಿತು. ಅನ್ನಿಸಿದ್ದು ಸಭೆಯಲ್ಲಿ. ರಾಜೀನಾಮೆಯ ಕರಡನ್ನೂ ಅಲ್ಲೇ ಬರೆದು, ಅಲ್ಲೇ ತಿದ್ದಿದಳು.

ಬೀಳ್ಕೊಡುಗೆಯ ದಿನ ಹಾರ ಹಾಕಿದರು. ಮಾರನೆಯ ದಿನ ಅವಳ ಕುರ್ಚಿಗೆ ಇನ್ನೊಬ್ಬರು ಟವೆಲು ಹಾಕಿದರು.

ನಾಚಿಕೆ ಶುರುವಾದದ್ದು ಅಲ್ಲಿಂದ.

ಎದುರುಮನೆಯವರು "ಯೂನಿವರ್ಸಿಟಿಗಾ ಮೇಡಂ?" ಎಂದಾಗ "ಹೂಂ" ಎಂದುಬಿಟ್ಟಳು. ಒಂದು ಸಲ ಹೂಂ ಅಂದ ಮೇಲೆ ದಿನಾ ಹೊರಡಲೇಬೇಕು. ಅದೇ ಸೀರೆ, ಅದೇ ಚೀಲ, ಅಮ್ಮ ಕಟ್ಟಿಕೊಡುವ ಅದೇ ಊಟದ ಡಬ್ಬಿ. ಅಮ್ಮನಿಗೂ ಹೇಳಿರಲಿಲ್ಲ.

ಹೋಗುವುದು ಎಲ್ಲಿಗೆ? ರೈಲ್ವೆ ಸ್ಟೇಷನ್ನಿಗೆ. ಮುಂದಿನ ಊರಿಗೆ ತಿಂಗಳ ಪಾಸ್ ಮಾಡಿಸಿಕೊಂಡು, ಆ ಊರಿಗೆ ಹೋಗದೆ, ಹೆಂಗಸರ ವೇಟಿಂಗ್ ರೂಮಿನಲ್ಲಿ ಕೂತು ಸಂಜೆಯವರೆಗೆ ಬೇರೆಯವರ ಬರಹ ತಿದ್ದುತ್ತಿದ್ದಳು. ಗುಡಿಸುವ ಹೆಂಗಸು ಮಾತ್ರ ಅವಳನ್ನು ಗುರುತಿಟ್ಟುಕೊಂಡಿದ್ದಳು. "ಇವತ್ತೂ ರೈಲು ಲೇಟಾ ಅಕ್ಕಾ?" ಎಂದು ಕೇಳುತ್ತಿದ್ದಳು.

ಆಶ್ರಮಕ್ಕೆ ಬಂದ ದಿನ ಸಂಜೆ, ಹೊಳೆಯ ಮೆಟ್ಟಿಲ ಮೇಲೆ ಎಲ್ಲರೂ ಕೂತಾಗ, ಪ್ರೊಫೆಸರ್ ಮೇಡಂ ನಾಲ್ಕು ಮಾತಾಡಲಿ ಎಂದರು.

ಬೇಡ ಎನ್ನಬಹುದಿತ್ತು. ಇಂದುಮತಿ ಎದ್ದು ನಿಂತಳು. ಎದ್ದು ನಿಂತದ್ದೇ ಬೆನ್ನು ತಾನಾಗಿ ನೆಟ್ಟಗಾಯಿತು, ಬಾಯಿಂದ "ಈ ಸಂದರ್ಭದಲ್ಲಿ" ಎಂಬ ಮಾತು ತಾನಾಗಿ ಹೊರಬಿತ್ತು. ಅಲ್ಲಿಂದ ಮುಂದೆ ಸಂದರ್ಭ ಮುಗಿಯಲೇ ಇಲ್ಲ. ಪಂಚರ್ ಹಾಕುವವನು ಕೂತಲ್ಲೇ ತೂಕಡಿಸಿದ. ಹೂ ಕಟ್ಟುವವಳು ಬರಿಗೈಯಲ್ಲೇ ಹೂ ಕಟ್ಟತೊಡಗಿದಳು.

"ಚೆನ್ನಾಗಿ ಮಾತಾಡಿದ್ರಿ ಮೇಡಂ" ಎಂದರು ಎಲ್ಲರೂ, ಎದ್ದು ಹೋಗುವ ಸಂತೋಷದಲ್ಲಿ.

ಮೇಡಂ. ಭಾಷಣ ಮುಗಿಸಿ ಆ ಮಾತು ಕೇಳಿ ಎಷ್ಟು ದಿನವಾಗಿತ್ತು. ಅದು ಎಷ್ಟು ಸಿಹಿಯಾಗಿ ಕೇಳಿಸಿತೆಂದರೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಚಿಕ್ಕಮ್ಮ ಒಬ್ಬರೇ ಉಳಿದಾಗ ಅವಳು ಕೆಳಗಿನ ಮೆಟ್ಟಿಲಲ್ಲಿ ಕೂತಳು.

"ಚಿಕ್ಕಮ್ಮ, ನನ್ನ ಸ್ನೇಹಿತೆ ಒಬ್ಬಳು ಇದ್ದಾಳೆ."

"ಇರಲಿ."

"ಒಳ್ಳೇ ಕೆಲಸದಲ್ಲಿದ್ದಳು. ಬಿಟ್ಟುಬಿಟ್ಟಳು. ಈಗ ಸ್ವಂತವಾಗಿ ಏನೋ ಸಣ್ಣದು ಮಾಡ್ತಿದಾಳೆ. ಬಿಟ್ಟದ್ದು ಸರಿಯೋ ತಪ್ಪೋ ಅಂತ ಅವಳಿಗೆ ಸಂಕಟ. ನಿಮ್ಮನ್ನ ಕೇಳ್ಕೊಂಡು ಬಾ ಅಂದಳು."

"ಪಾಪ" ಎಂದರು ಚಿಕ್ಕಮ್ಮ. "ನೀನು ಯಾಕೆ ಬಸ್ ಚಾರ್ಜು ದಂಡ ಮಾಡ್ಕೊಂಡೆ? ಅವಳನ್ನೇ ಕಳಿಸು."

ಇಂದುಮತಿ ಹೊಳೆಯನ್ನೇ ನೋಡುತ್ತ ಕೂತಳು. ಸ್ನೇಹಿತೆಯ ಹೆಸರಿನಲ್ಲೂ ಕೇಳಲಾಗದ ಮಾತು ಇನ್ನೊಂದಿತ್ತು. ಅದು ಫಿಲೋಮಿನಾಳದು.

ಫಿಲೋಮಿನಾ ಮಂಗಳೂರು ಕಡೆಯ ನರ್ಸು. ಆಯುಷ್ಯದ ಬಹುಪಾಲು ಕುವೈತಿನ ಆಸ್ಪತ್ರೆಯಲ್ಲಿ ಕಳೆದು, ನಿವೃತ್ತಿಯಾದ ಮೇಲೆ ಇಂದುಮತಿಯ ಊರಿಗೇ ಬಂದು ನೆಲೆಸಿದ್ದಳು. ವೇಟಿಂಗ್ ರೂಮಿನಲ್ಲಿ ಪರಿಚಯ. ಹಾಳೆಯ ಮೇಲೆ ಪೆನ್ಸಿಲ್ ಓಡುವುದನ್ನು ನೋಡಿ, "ನೀವು ಬೇರೆಯವರದ್ದನ್ನು ಸರಿ ಮಾಡಿ ಕೊಡ್ತೀರಾ? ನನ್ನದೊಂದು ಉಂಟು" ಎಂದಿದ್ದಳು. ತನ್ನ ಬದುಕನ್ನು ತಾನೇ ಬರೆದಿಟ್ಟಿದ್ದಳು. ಇಂದುಮತಿಯ ಹೊಸ ಕಸುಬಿಗೆ ಅದೇ ಮೊದಲ ಪುಸ್ತಕ.

ಅದರಲ್ಲಿ ಒಂದು ಕಡೆ ಹೀಗಿತ್ತು: "ಬೆಳಿಗ್ಗೆ ಆ ಮಗು ತೀರಿಕೊಂಡಿತು. ನಾನು ಕೈ ತೊಳೆದು ಚಾ ಕುಡಿದೆ. ಚಾ ಬಿಸಿ ಇತ್ತು."

ಇಂದುಮತಿ ತಿದ್ದಿದ ಮೇಲೆ ಹೀಗಾಯಿತು: "ಸಾವಿನ ಸನ್ನಿಧಿಯಲ್ಲೂ ದೈನಂದಿನ ಬದುಕಿನ ನಿರ್ದಯ ಮುಂದುವರಿಕೆಯು ನನ್ನನ್ನು ಅಸ್ತಿತ್ವದ ಮೂಲಭೂತ ಪ್ರಶ್ನೆಗಳಿಗೆ ಮುಖಾಮುಖಿಯಾಗಿಸಿತು."

ಪುಸ್ತಕವಿಡೀ ಹೀಗೆ.

ಫಿಲೋಮಿನಾ ಕನ್ನಡಕ ಹಾಕಿಕೊಂಡು, ವೇಟಿಂಗ್ ರೂಮಿನ ಬೆಂಚಿನ ಮೇಲೆ ಕೂತು, ನಿಧಾನವಾಗಿ ಓದಿದಳು.

"ಬಹಳ ಚಂದ ಉಂಟು ಮೇಡಂ" ಎಂದಳು. "ಇದು ಯಾರದ್ದು?"

ಇಂದುಮತಿ ನಕ್ಕಳು. ಫಿಲೋಮಿನಾ ನಗಲಿಲ್ಲ.

"ಚಾ ಎಲ್ಲಿ ಹೋಯಿತು?"

ಇಂದುಮತಿ ಶೈಲಿಯ ಬಗ್ಗೆ ಏನೋ ಹೇಳಿದಳು. ಓದುಗರ ಬಗ್ಗೆಯೂ ಹೇಳಿದಳು. ಫಿಲೋಮಿನಾ ರೋಗಿಯ ಮಾತು ಕೇಳುವವಳ ಹಾಗೆ ತಾಳ್ಮೆಯಿಂದ ಕೇಳಿ, ಕನ್ನಡಕ ತೆಗೆದಳು.

"ನಿಮ್ಮ ತಪ್ಪಲ್ಲ ಮೇಡಂ. ನನಗೆ ಬರೆಯಲಿಕ್ಕೆ ಬರುವುದಿಲ್ಲ ಅಂತ ಈಗ ಗೊತ್ತಾಯಿತು. ಭಾನುವಾರ ಹಳೆ ಪೇಪರಿನವ ಬರ್ತಾನೆ. ಅವನಿಗೆ ಹಾಕಿಬಿಡ್ತೇನೆ."

ತನ್ನ ಕೈಬರಹದ ಕಟ್ಟನ್ನು ಎತ್ತಿಕೊಂಡು, ತಿದ್ದಿದ ಪ್ರತಿಯನ್ನು ಬೆಂಚಿನ ಮೇಲೇ ಬಿಟ್ಟು ಹೊರಟುಹೋದಳು. ಅದು ಬುಧವಾರ. ಗುರುವಾರ ಇಂದುಮತಿ ಹರಿಗೋಲು ಹತ್ತಿದ್ದಳು.

ಶುಕ್ರವಾರ ಬೆಳಿಗ್ಗೆ ಪುಟ್ಟತಾಯಿ ಒಂದು ಚೀಲ ಅಕ್ಕಿಯನ್ನೂ ಒಂದು ಮೊರವನ್ನೂ ತಂದು ಅವಳ ಮುಂದಿಟ್ಟಳು.

"ಚಿಕ್ಕಮ್ಮ ಹೇಳಿದ್ರು, ನೀವು ಅಕ್ಕಿ ಆರಿಸ್ಬೇಕಂತೆ."

"ನಾನಾ?"

"ನೀವೇ. ಪ್ರೊಫೆಸರಮ್ಮ ಆರಿಸಿದ ಅಕ್ಕಿ ಅಂದ್ರೆ ಅನ್ನಕ್ಕೂ ಒಂದು ಡಿಗ್ರಿ ಬಂದಂಗಾಯ್ತು" ಎಂದು ಪುಟ್ಟತಾಯಿ ಒಳಗೆ ಹೋದಳು. ಅಡುಗೆಮನೆಯ ಅಧಿಕಾರ ಅವಳದು. ಆಶ್ರಮದಲ್ಲಿ ಚಿಕ್ಕಮ್ಮನನ್ನು ಗದರಿಸಬಲ್ಲವಳು ಅವಳೊಬ್ಬಳೇ.

ಅದು ಹಿಡಿಯಕ್ಕಿ. ಹೊಳೆಯ ಎರಡೂ ದಡದ ಮನೆಗಳಲ್ಲಿ ಹೆಂಗಸರು ಅನ್ನಕ್ಕೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಮಡಕೆಗೆ ಹಾಕುತ್ತಾರೆ. ವಾರಕ್ಕೊಮ್ಮೆ ಅದೆಲ್ಲ ಆಶ್ರಮಕ್ಕೆ ಬರುತ್ತದೆ. ಸಣ್ಣಕ್ಕಿ, ದಪ್ಪಕ್ಕಿ, ಕೆಂಪಕ್ಕಿ, ರೇಷನ್ ಅಕ್ಕಿ, ನುಚ್ಚು, ಎಲ್ಲವೂ ಒಂದೇ ಚೀಲದಲ್ಲಿ. ಒಂದು ಬೆಂದಾಗ ಇನ್ನೊಂದು ಬೆಂದಿರುವುದಿಲ್ಲ. ಪುಟ್ಟತಾಯಿ ದಿನಾ ಬೈದುಕೊಂಡೇ ಅನ್ನ ಮಾಡುತ್ತಾಳೆ.

ಇಂದುಮತಿ ಮೊರ ಹಿಡಿದು ಕೂತಳು.

ಮೊದಲು ಕಲ್ಲು ತೆಗೆದಳು. ಆಮೇಲೆ ಭತ್ತ. ಆಮೇಲೆ ನುಚ್ಚು ಕಣ್ಣಿಗೆ ಚುಚ್ಚಿತು, ಅದನ್ನೂ ತೆಗೆದಳು. ನುಚ್ಚು ಹೋದ ಮೇಲೆ ದಪ್ಪಕ್ಕಿ ಒರಟಾಗಿ ಕಂಡಿತು. ದಪ್ಪಕ್ಕಿ ಹೋದ ಮೇಲೆ ಕೆಂಪಕ್ಕಿ ಕಲೆಯ ಹಾಗೆ ಎದ್ದು ಕಂಡಿತು. ಕೈ ಚುರುಕಾಯಿತು. ಬಹಳ ದಿನಗಳ ಮೇಲೆ ಮನಸ್ಸಿಗೆ ಹಾಯೆನಿಸಿತು. ಹೊತ್ತು ಏರುವಷ್ಟರಲ್ಲಿ ಮೊರದಲ್ಲಿ ಮಲ್ಲಿಗೆಯ ಹಾಗೆ ಬೆಳ್ಳಗೆ, ಒಂದೇ ಅಳತೆಯ ಅಕ್ಕಿ ಉಳಿದಿತ್ತು. ಪಕ್ಕದಲ್ಲಿ ಅದಕ್ಕಿಂತ ದೊಡ್ಡ ಗುಡ್ಡೆ.

"ಇದೇನು?" ಎಂದರು ಚಿಕ್ಕಮ್ಮ, ಗುಡ್ಡೆ ನೋಡಿ.

"ಕಸ. ಕೋಳಿಗೆ ಹಾಕಬಹುದು."

ಚಿಕ್ಕಮ್ಮ ಮೊರದ ಕಡೆ ನೋಡಿದರು.

"ಬೆಳ್ಳಗಿದೆ" ಎಂದರು. ಗುಡ್ಡೆಯನ್ನು ಸೆರಗಿಗೆ ಬಳಿದುಕೊಂಡು ಒಳಗೆ ಹೋದರು.

ಮಧ್ಯಾಹ್ನದ ಅನ್ನ ಉದುರು ಉದುರಾಗಿ, ಮದುವೆಮನೆಯ ಅನ್ನದ ಹಾಗಿತ್ತು. ಸ್ವಲ್ಪ ಕಡಿಮೆ ಬಿತ್ತು, ಆದರೆ ಹಾಗಿತ್ತು. ಯಾರಾದರೂ ಏನಾದರೂ ಅನ್ನುತ್ತಾರೇನೋ ಎಂದು ಇಂದುಮತಿ ತಲೆ ಬಗ್ಗಿಸಿ ಕಾಯುತ್ತಿದ್ದಳು.

ಚೆಲುವಾಜಮ್ಮ ಅಂದರು. ಆಚೆ ದಡದ ಮುದುಕಿ. ಗಂಡ ಬಿಟ್ಟುಹೋದ ಚೂರು ಗದ್ದೆಯಲ್ಲಿ ಈಗಲೂ ಕೆಂಪಕ್ಕಿಯನ್ನೇ ಬೆಳೆಸುತ್ತಾರೆ. ಶುಕ್ರವಾರ ಶುಕ್ರವಾರ ಬೆಳಗಾಗುತ್ತಲೇ ಹಿಡಿಯಕ್ಕಿ ತಂದುಕೊಟ್ಟು ಊಟಕ್ಕೆ ಉಳಿಯುತ್ತಾರೆ.

ಅವರು ಎಲೆಯ ಮೇಲಿನ ಅನ್ನವನ್ನು ಬೆರಳಿಂದ ಆಚೀಚೆ ಸರಿಸಿ ಹುಡುಕುತ್ತಿದ್ದರು.

"ಯಾಕವ್ವ ಪುಟ್ಟತಾಯಿ, ಇವತ್ತು ನಮ್ಮನೆ ಅಕ್ಕಿ ಬೇಯಲಿಲ್ವಾ?"

ಪುಟ್ಟತಾಯಿ ಸಾರಿನ ಸೌಟು ಹಿಡಿದು ಮುಂದಿನ ಎಲೆಗೆ ಹೋದಳು.

"ಒಂದು ಕಾಳೂ ಕಾಣಾಕಿಲ್ಲ. ಹುಳ ಹಿಡಿದಿತ್ತಾ? ನಾನು ನೋಡೇ ಹಾಕಿದ್ದೆನಲ್ಲ."

ಇಂದುಮತಿಯ ತುತ್ತು ಕೈಯಲ್ಲೇ ನಿಂತಿತು.

"ಹುಳ ಇಲ್ಲ ಚೆಲುವಾಜಮ್ಮ" ಎಂದರು ಚಿಕ್ಕಮ್ಮ. "ನಿಮ್ಮನೆ ಅಕ್ಕಿ ಇದೆ. ಸಂಜೆಗೆ ಬೇಯುತ್ತೆ. ಇರಿ."

ಊಟ ಮುಗಿದ ಮೇಲೆ ಚಿಕ್ಕಮ್ಮ ಅದೇ ಗುಡ್ಡೆಯನ್ನು ತಂದು ಜಗಲಿಯ ಮೇಲೆ ಇಂದುಮತಿಯ ಮುಂದೆ ಸುರಿದರು.

"ಇದರಲ್ಲಿ ಕಲ್ಲು ತೆಗಿ."

ತೆಗೆದಳು. ಅಂಗೈಯಲ್ಲಿ ಒಂದು ಚಿಟಿಕೆಯಾಯಿತು.

"ಮಿಕ್ಕಿದ್ದು ಏನು?"

"ಅಕ್ಕಿ."

"ಬೆಳಿಗ್ಗೆ ಕಸ ಅಂದೆ."

ಇಂದುಮತಿ ಅಂಗೈಯ ಕಲ್ಲಿನ ಮೇಲೆ ಬೆರಳು ಮಡಚಿದಳು.

"ಯಾಕೆ ತೆಗೆದೆ?"

"ಚೆನ್ನಾಗಿ ಕಾಣಲಿ ಅಂತ."

"ಯಾರು? ಅನ್ನವಾ, ಆರಿಸಿದೋಳಾ?"

ಹೊಳೆಯ ಕಡೆಯಿಂದ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು. ಇಂದುಮತಿಗೆ ಪ್ರತಿ ಏಟೂ ತನಗೇ ಬಿದ್ದಂತೆ ಕೇಳಿಸಿತು.

"ನಾನು ಪ್ರೊಫೆಸರ್ ಅಲ್ಲ ಚಿಕ್ಕಮ್ಮ."

"ಗೊತ್ತು."

"ಯಾರು ಹೇಳಿದ್ರು?"

"ಪ್ರೊಫೆಸರ್ ಆಗಿದ್ದಾಗ ನೀನು ಬರಲೇ ಇಲ್ಲವಲ್ಲೇ."

ಇಂದುಮತಿ ಅತ್ತಳು. ಸಭ್ಯವಾದ ಅಳುವಲ್ಲ. ಮೂಗು ಸೋರುವ ಅಳು. ಚೀಲದಿಂದ ತೆಗೆದದ್ದು ಕರವಸ್ತ್ರವಲ್ಲ, ಹಳೆಯ ಕುರ್ಚಿಯ ಟವೆಲು. ಅದನ್ನು ಇನ್ನೂ ಹೊತ್ತು ತಿರುಗುತ್ತಿದ್ದಾಳೆಂದು ಅವಳಿಗೇ ಆಗ ತಿಳಿಯಿತು.

"ಒಳ್ಳೇ ದೊಡ್ಡದಿದೆ" ಎಂದರು ಚಿಕ್ಕಮ್ಮ. "ಎಷ್ಟು ಬೇಕಾದರೂ ಅಳಬಹುದು."

ಅವಳು ಎಲ್ಲವನ್ನೂ ಹೇಳಿದಳು. ರಾಜೀನಾಮೆ, ವೇಟಿಂಗ್ ರೂಮು, ಎದುರುಮನೆಯ ಹೂಂ, ಅಮ್ಮನ ಡಬ್ಬಿ.

"ಅಮ್ಮನಿಗೆ ಗೊತ್ತಾದರೆ ಎದೆ ಒಡ್ಕೋತಾಳೆ. ನಿನ್ನೆ ಬರುವಾಗಲೂ ಸೆಮಿನಾರು ಅಂತ ಹೇಳಿ ಬಂದೆ. ಮೊನ್ನೆವರೆಗೂ ದಿನಾ ಡಬ್ಬಿ ಕಟ್ಟಿಕೊಡ್ತಿದ್ದಳು."

"ಮೊನ್ನೆವರೆಗೂ?"

"ಹೂಂ."

"ಯೂನಿವರ್ಸಿಟಿಗೆ ಈಗ ಬೇಸಿಗೆ ರಜ ಅಲ್ವೇನೆ?"

ಇಂದುಮತಿ ಮನಸ್ಸಿನಲ್ಲೇ ತಿಂಗಳು ಎಣಿಸಿದಳು. ರಜೆಯ ನೆನಪೇ ಅವಳಿಗಿರಲಿಲ್ಲ. ಸುಳ್ಳು ಹೇಳುವವರಿಗೆ ರಜೆ ಇರುವುದಿಲ್ಲ.

ಏಪ್ರಿಲ್ ಪೂರ್ತಿ ಅಮ್ಮ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿದ್ದಳು. ಮೇಲೆ ಒಂದು ಮಾವಿನ ಹೋಳನ್ನೂ ಇಟ್ಟಿದ್ದಳು. "ಫ್ಯಾನ್ ಇರೋ ಕಡೆ ಕೂತ್ಕೊಂಡು ತಿನ್ನು" ಎಂದಿದ್ದಳು. ಎಲ್ಲಿ ಕೂತು ಎಂದು ಒಂದು ದಿನವೂ ಕೇಳಿರಲಿಲ್ಲ.

ಟವೆಲು ಮತ್ತೆ ಮುಖಕ್ಕೆ ಹೋಯಿತು.

"ನಾಚಿಕೆ ಆಗ್ತಿದೆ ಚಿಕ್ಕಮ್ಮ."

"ಯಾವುದಕ್ಕೆ?"

"ಕೆಲಸ ಬಿಟ್ಟಿದ್ದಕ್ಕೆ."

"ಅದು ಮೇಲಿನ ನಾಚಿಕೆ. ಅದಕ್ಕೆ ಹೊಳೆ ದಾಟಿ ಬರೋದು ಬೇಕಿರಲಿಲ್ಲ. ಅಡೀದು ಹೇಳು."

ಆಗ ಇಂದುಮತಿ ಫಿಲೋಮಿನಾಳ ವಿಷಯ ಹೇಳಿದಳು. ಮಗುವನ್ನೂ ಚಹಾವನ್ನೂ ಹೇಳಿದಳು. ತಾನು ಬರೆದ ವಾಕ್ಯವನ್ನೂ ಹೇಳಲು ಹೋದಳು, ನಡುವೆ ನಾಲಿಗೆ ತೊಡರಿತು.

"ಪೂರ್ತಿ ಹೇಳು" ಎಂದರು ಚಿಕ್ಕಮ್ಮ.

ಪೂರ್ತಿ ಹೇಳಿಸಿದರು. ಮಧ್ಯಾಹ್ನದ ಬಿಸಿಲಿನಲ್ಲಿ ಆ ವಾಕ್ಯ ಜಗಲಿಯ ಮೇಲೆ ಬಂದು ನಿಂತಿತು. ಎಲ್ಲಿ ಕೂರಬೇಕೋ ಗೊತ್ತಿಲ್ಲದ ಅತಿಥಿಯ ಹಾಗೆ.

"ಯಾಕೆ ಹಾಗೆ ಮಾಡಿದೆ?"

"ಅವಳಿಗೆ ಒಳ್ಳೇದಾಗಲಿ ಅಂತ..."

ಚಿಕ್ಕಮ್ಮ ಕಾದರು.

"ಅಲ್ಲ" ಎಂದಳು ಇಂದುಮತಿ. ನೆಲ ನೋಡುತ್ತ, "ಬರೀ ಕಲ್ಲು ತೆಗೆದು ಕೊಟ್ಟಿದ್ದರೆ ಅಲ್ಲಿ ನಾನಿದ್ದೆ ಅಂತ ಯಾರಿಗೆ ಗೊತ್ತಾಗ್ತಿತ್ತು?" ಎಂದಳು.

ಚಿಕ್ಕಮ್ಮ ಗುಡ್ಡೆಯನ್ನು ಮತ್ತೆ ಸೆರಗಿಗೆ ಬಳಿದುಕೊಂಡರು. ಮಂಡಿ ಹಿಡಿದು ಎದ್ದರು.

"ಆ ಕಲ್ಲು ಬಿಸಾಡು. ಇನ್ನೂ ಕೈಯಲ್ಲೇ ಹಿಡ್ಕೊಂಡಿದೀಯ."

ಸಂಜೆ ಆ ಅಕ್ಕಿಯ ಗಂಜಿ. ಚಿಕ್ಕಮ್ಮನೇ ಬಡಿಸಿದರು. ಗಂಜಿ ತಿಳಿಗೆಂಪಾಗಿತ್ತು, ನುಚ್ಚು ಕರಗಿ ಮಂದವಾಗಿತ್ತು, ನಡುನಡುವೆ ದಪ್ಪಕ್ಕಿ ಹಲ್ಲಿಗೆ ಸಿಗುತ್ತಿತ್ತು. ಚೆಲುವಾಜಮ್ಮ ಬಟ್ಟಲನ್ನು ಕಣ್ಣ ಹತ್ತಿರ ತಂದು ನೋಡಿ, "ಆಂ, ಐತೆ" ಎಂದು ಕುಡಿಯತೊಡಗಿದರು.

ಇಂದುಮತಿ ಬಟ್ಟಲು ಮುಟ್ಟಲಿಲ್ಲ. ಎದ್ದು ನಿಂತಳು. ಈ ಸಲ ಬೆನ್ನು ತಾನಾಗಿ ನೆಟ್ಟಗಾಗಲಿಲ್ಲ.

"ನಿನ್ನೆ ನಾನು ಹೇಳಿದ ಕೈಕೆಲಸ ಸುಳ್ಳು" ಎಂದಳು.

ಸೊರ್ ಸೊರ್ ಎಂದು ಗಂಜಿ ಕುಡಿಯುವ ಸದ್ದು ನಿಂತಿತು.

"ನಾನು ಪ್ರೊಫೆಸರ್ ಅಲ್ಲ. ಆಗಿದ್ದೆ. ಈಗ ಬೇರೆಯವರು ಬರೆದದ್ದನ್ನ ತಿದ್ದಿಕೊಡ್ತೀನಿ. ಚೆಲುವಾಜಮ್ಮ, ನಿಮ್ಮ ಅಕ್ಕಿ ತೆಗೆದು ಬಿಸಾಕಿದವಳು ನಾನು."

ಅವಳಿಗೆ ತಾನು ಬಟ್ಟೆಯಿಲ್ಲದೆ ನಿಂತಂತೆ ಅನ್ನಿಸಿತು. ಹೊಳೆಗೆ ಹಾರಿದರೂ ಮುಳುಗುವಷ್ಟು ನೀರಿಲ್ಲದ ಬೇಸಿಗೆ.

"ಮತ್ತೆ ನಿನ್ನೆ ಅಷ್ಟೊತ್ತು ಭಾಷಣ ಕುಟ್ಟಿದ್ರಲ್ಲ?" ಎಂದ ಪಂಚರ್ ಹಾಕುವವನು. ಅವನಿಗೆ ನಿಜವಾಗಿಯೂ ನೋವಾಗಿತ್ತು. "ನಾವು ಸುಮ್ಸುಮ್ನೆ ಕೂತಿದ್ವಾ?"

"ನೀನೆಲ್ಲಿ ಕೂತಿದ್ದೆ? ಗೊರಕೆ ಹೊಡೀತಿದ್ದೆ" ಎಂದಳು ಪುಟ್ಟತಾಯಿ.

ಒಂದಿಬ್ಬರು ನಕ್ಕರು. ಚೆಲುವಾಜಮ್ಮ ನಗಲಿಲ್ಲ.

"ಯಾಕ್ ಮಗಾ" ಎಂದರು, "ನಮ್ಮಕ್ಕಿ ನಿಂಗೇನ್ ಮಾಡಿತ್ತು?"

ಇಂದುಮತಿ ಕೂತಳು. ಗಂಜಿ ಕುಡಿದಳು. ಅದು ಎಷ್ಟು ರುಚಿಯಾಗಿತ್ತೆಂದರೆ, ಇನ್ನೊಂದು ಸೌಟು ಕೇಳಲು ಅವಳಿಗೆ ಮುಖವಿರಲಿಲ್ಲ. ಪುಟ್ಟತಾಯಿ ಕೇಳದೆಯೇ ಬಡಿಸಿದಳು.

ಶನಿವಾರ ಬೆಳಿಗ್ಗೆ ಯಾರೂ ಹೇಳದೆ ಅವಳು ಮೊರ ತೆಗೆದುಕೊಂಡು ಕೂತಳು.

ಕಲ್ಲು ಬಂದರೆ ತೆಗೆದಳು. ಭತ್ತ ಬಂದರೆ ತೆಗೆದಳು. ಕೆಂಪಕ್ಕಿಯ ಮೇಲೆ ಬೆರಳು ಹೋಗಿ ನಿಲ್ಲುತ್ತಿತ್ತು. ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಬೆರಳು ಮತ್ತೆ ಹೋಗುತ್ತಿತ್ತು. ಆರಿಸಿ ಮುಗಿದಾಗ ಮೊರದಲ್ಲಿದ್ದದ್ದು ಮೊದಲು ಇದ್ದ ಹಾಗೆಯೇ ಕಾಣುತ್ತಿತ್ತು. ಅವಳು ಅಲ್ಲಿ ಕೂತಿದ್ದಕ್ಕೆ ಯಾವ ಗುರುತೂ ಇರಲಿಲ್ಲ. ಬೆನ್ನು ಮಾತ್ರ ನೋಯುತ್ತಿತ್ತು.

ಪುಟ್ಟತಾಯಿ ಬಂದು ಮೊರ ಎತ್ತಿಕೊಂಡಳು. ಏನೂ ಅನ್ನಲಿಲ್ಲ. ಒಂದು ಮಾತಾದರೂ ಅನ್ನಬಹುದಿತ್ತು ಎಂದು ಇಂದುಮತಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಮತ್ತೆ ನಾಚಿಕೆಯಾಯಿತು.

"ಹರಿಗೋಲು ಹೊರಡ್ತಾ ಇದೆ" ಎಂದರು ಚಿಕ್ಕಮ್ಮ.

"ಮಧ್ಯಾಹ್ನದ್ದಕ್ಕೆ ಹೋಗ್ತೀನಿ ಚಿಕ್ಕಮ್ಮ. ಊಟ ಮಾಡ್ಕೊಂಡು."

"ಯಾಕೆ?"

"ಅನ್ನ ಹೇಗಾಗಿದೆ ಅಂತ..."

"ನೋಡಿ ಏನ್ ಮಾಡ್ತೀಯ?"

ಇಂದುಮತಿ ತಲೆ ತಗ್ಗಿಸಿದಳು.

"ನಾಳೆ ಏನು ವಾರ?"

"ಭಾನುವಾರ. ಹಳೆ ಪೇಪರಿನವ ಬರೋ ದಿನ."

ಚಿಕ್ಕಮ್ಮ ಅವಳ ಚೀಲವನ್ನು ಎತ್ತಿ ಅವಳ ಹೆಗಲಿಗೆ ಹಾಕಿದರು. ಟವೆಲನ್ನು ಮಾತ್ರ ತೆಗೆದಿಟ್ಟುಕೊಂಡಿದ್ದರು. ಪುಟ್ಟತಾಯಿ ಆಗಲೇ ಅದರಲ್ಲಿ ಬಿಸಿ ಪಾತ್ರೆ ಇಳಿಸುತ್ತಿದ್ದಳು.

ಮೆಟ್ಟಿಲು ಇಳಿಯುವಾಗ ಇಂದುಮತಿಯ ಕಾಲು ನಿಧಾನವಾಯಿತು.

"ಅಮ್ಮನಿಗೆ ಏನು ಹೇಳಲಿ?"

"ಸೋಮವಾರ ಡಬ್ಬಿ ಬಿಚ್ಚಿ ಅವಳ ಮುಂದೇನೇ ಕೂತು ಉಣ್ಣು. ಬೇರೆ ಏನೂ ಹೇಳೋದು ಬೇಡ."

ಹರಿಗೋಲಿನವನು ಹುಟ್ಟು ಹಿಡಿದು ಕಾಯುತ್ತಿದ್ದ. ಅವಳು ಒಂದು ಕಾಲು ಒಳಗಿಟ್ಟು ತಿರುಗಿದಳು.

"ಫಿಲೋಮಿನಾ ಬಾಗಿಲು ತೆಗೆಯದೆ ಇದ್ದರೆ?"

"ಹೊರಗೆ ಕೂತಿರು. ಕೂತು ಅಭ್ಯಾಸ ಇದೆಯಲ್ಲ ನಿನಗೆ, ವೇಟಿಂಗ್ ರೂಮಿನಲ್ಲಿ."

"ತೆಗೆದರೆ? ಏನಂತ ಕೇಳಲಿ ಚಿಕ್ಕಮ್ಮ? ಕ್ಷಮಿಸು ಅನ್ನಲಾ? ಇನ್ನೊಂದು ಸಲ ಕೊಡು, ಸರಿಯಾಗಿ ಮಾಡ್ತೀನಿ ಅನ್ನಲಾ? ಯಾವ ಮುಖ ಇಟ್ಕೊಂಡು ಹೋಗಲಿ?"

ಚಿಕ್ಕಮ್ಮ ಬಾಗಿ ಹರಿಗೋಲನ್ನು ನೀರಿಗೆ ತಳ್ಳಿದರು.

"ಹಸ್ಕೊಂಡು ಹೋಗು" ಎಂದರು. "ಮೊದಲು ಅವಳ ಮನೆಯಲ್ಲಿ ಉಣ್ಣು, ಅವಳ ಚಹಾನ ಇದ್ದ ಹಾಗೇ ಕುಡಿ. ಕಲ್ಲು ಸಿಕ್ಕಿದರೆ, ಆಮೇಲೆ ಹೇಳು."